ತಡೆಪಟ್ಟಿಯಲ್ಲಿ ಇಲ್ಲದ ಹೆಸರುಗಳು

ಔಟ್‌ಲುಕ್‌ನಲ್ಲಿ ಮೇಲ್ ಓದುವವರಿಗೆ ಆ ಸೂಚನೆಯ ಪರಿಚಯ ಇದ್ದೇ ಇರುತ್ತದೆ. ಯಾರೋ ಫೈಲು ಕಳಿಸಿದ್ದಾರೆ, ಅದು ಬಂದೂ ಇದೆ, ಆದರೆ ತೆರೆಯಲು ಬಿಡುವುದಿಲ್ಲ. ಅಪಾಯಕಾರಿ ಆಗಿರಬಹುದಾದ ಅಟ್ಯಾಚ್‌ಮೆಂಟನ್ನು ತಡೆಯಲಾಗಿದೆ ಎಂದು ಮೇಲ್‌ನ ತಲೆಯ ಮೇಲೆ ಒಂದು ಸಾಲು, ಅಷ್ಟೆ. ನಮ್ಮ ಕಚೇರಿಗಳಲ್ಲಿ ಇದಕ್ಕೆ ಮದ್ದೂ ಸಿದ್ಧ: ‘ಜಿಪ್ ಮಾಡಿ ಕಳಿಸಿ ಸಾರ್’, ಇಲ್ಲವೇ ‘ಹೆಸರಿನ ಕೊನೆ ಬದಲಾಯಿಸಿ ಕಳಿಸಿ, ಇಲ್ಲಿ ನಾನು ಸರಿ ಮಾಡ್ಕೋತೀನಿ’. ಬಹಳ ಸಲ ಫೈಲು ದಾಟಿಯೂ ಬರುತ್ತದೆ. ಇಷ್ಟು ಸಲೀಸಾಗಿ ದಾಟಬಹುದಾದರೆ ಈ ತಡೆ ಹಾಕಿದವರು ಯಾರು? ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಅವರು ತೀರ್ಮಾನಿಸಿದ್ದು ಹೇಗೆ? ಇದನ್ನು ತಿಳಿಯಲೆಂದೇ ನಾನು ಹಳೆಯ ದಾಖಲೆಗಳ ಬೆನ್ನು ಹತ್ತಿದ್ದು.

ಪಟ್ಟಿ ಸುಲಭವಾಗಿಯೇ ಸಿಕ್ಕಿತು. ಮೈಕ್ರೋಸಾಫ್ಟ್ ತನ್ನ ಗ್ರಾಹಕರಿಗಾಗಿ ಪ್ರಕಟಿಸುತ್ತಿದ್ದ ಸಹಾಯ ಲೇಖನಗಳಲ್ಲಿ ಕ್ಯೂ 262631 ಎಂಬ ಸಂಖ್ಯೆಯದೊಂದಿದೆ. ಔಟ್‌ಲುಕ್‌ನ ಇ-ಮೇಲ್ ಸುರಕ್ಷತಾ ಅಪ್‌ಡೇಟ್ ಏನು ಮಾಡುತ್ತದೆ ಎಂಬುದರ ವಿವರ ಅದರಲ್ಲಿದೆ. ಕಾಲ: 2000ದ ಜೂನ್. ಫೈಲಿನ ಹೆಸರಿನಲ್ಲಿ ಕೊನೆಯ ಚುಕ್ಕೆಯಾದ ಮೇಲೆ ಬರುವ ಅಕ್ಷರಗಳಿಗೆ ಎಕ್ಸ್‌ಟೆನ್ಷನ್ ಎನ್ನುತ್ತಾರಲ್ಲ, ಅಂಥ ಮೂವತ್ತಕ್ಕೂ ಹೆಚ್ಚು ಎಕ್ಸ್‌ಟೆನ್ಷನ್‌ಗಳನ್ನು ಅಲ್ಲಿ ‘ಲೆವೆಲ್ 1’ ಎಂಬ ತಲೆಬರಹದಡಿ ಸಾಲಾಗಿ ನಿಲ್ಲಿಸಿದ್ದಾರೆ. ಲೆವೆಲ್ 1ಕ್ಕೆ ಸೇರಿದ ಫೈಲನ್ನು ಔಟ್‌ಲುಕ್ ತೆರೆಯಲೂ ಬಿಡದು, ಉಳಿಸಿಕೊಳ್ಳಲೂ ಬಿಡದು. ‘ಲೆವೆಲ್ 2’ ಎಂಬ ಇನ್ನೊಂದು ವರ್ಗವೂ ಇದೆ. ಅದರ ಫೈಲುಗಳನ್ನು ಮೇಲ್‌ನೊಳಗೇ ತೆರೆಯುವಂತಿಲ್ಲ, ಮೊದಲು ಡಿಸ್ಕಿಗೆ ಇಳಿಸಿಕೊಳ್ಳಬೇಕು. ವಿಚಿತ್ರವೆಂದರೆ ಈ ಎರಡನೆಯ ಪಟ್ಟಿ ಖಾಲಿ. ಬೇಕಾದರೆ ಕಚೇರಿಯ ಮೇಲ್ ವ್ಯವಸ್ಥಾಪಕರು ತುಂಬಿಕೊಳ್ಳಲಿ ಎಂದು ಖಾಲಿ ಬಿಟ್ಟಿದ್ದರು.

ಮೊದಲ ಪಟ್ಟಿಯಲ್ಲಿ ನಿರೀಕ್ಷಿಸಬಹುದಾದವೆಲ್ಲ ಇದ್ದವು. ಡಾಟ್ ಇಎಕ್ಸ್‌ಇ, ಡಾಟ್ ಬ್ಯಾಟ್, ಡಾಟ್ ವಿಬಿಎಸ್, ಸ್ಕ್ರೀನ್‌ಸೇವರ್‌ಗಳ ಡಾಟ್ ಎಸ್‌ಸಿಆರ್. ನಿರೀಕ್ಷಿಸದವೂ ಇದ್ದವು. ಸಹಾಯ ಪುಟಗಳ ಡಾಟ್ ಎಚ್‌ಎಲ್‌ಪಿ, ಸುರಕ್ಷತಾ ಪ್ರಮಾಣಪತ್ರದ ಡಾಟ್ ಸಿಆರ್‌ಟಿ, ವೆಬ್ ವಿಳಾಸದ ಶಾರ್ಟ್‌ಕಟ್ ಆದ ಡಾಟ್ ಯುಆರ್‌ಎಲ್, ಆಕ್ಸೆಸ್ ಡೇಟಾಬೇಸಿನ ಡಾಟ್ ಎಂಡಿಬಿ. ಪಟ್ಟಿ ಬರೆದವರು ಯಾವ ವೈರಸ್ ಬಂದಿತ್ತು ಎಂದಷ್ಟೇ ನೋಡಿಲ್ಲ, ವಿಂಡೋಸ್‌ನಲ್ಲಿ ಯಾವ ಯಾವ ಬಗೆಯ ಫೈಲು ಎರಡು ಸಲ ಒತ್ತಿದೊಡನೆ ಏನನ್ನಾದರೂ ನಡೆಸಬಲ್ಲದು ಎಂದು ಒಂದೊಂದಾಗಿ ಹುಡುಕಿ ಬರೆದಿದ್ದಾರೆ. ಶ್ರದ್ಧೆಯಿಂದ ಆದ ಕೆಲಸವೇ.

ಆದರೆ ಡಾಟ್ ಡಾಕ್ ಇಲ್ಲ. ಡಾಟ್ ಎಕ್ಸ್‌ಎಲ್‌ಎಸ್ ಇಲ್ಲ. ಡಾಟ್ ಜಿಪ್ ಇಲ್ಲ.

ಈ ಮೂರರ ಗೈರುಹಾಜರಿ ನನ್ನನ್ನು ಕಾಡಿತು. ಏಕೆಂದರೆ ಅದಕ್ಕೆ ಸುಮಾರು 15 ತಿಂಗಳ ಹಿಂದೆ, 1999ರ ಮಾರ್ಚ್ 26ರಂದು, ಜಗತ್ತಿನ ಮೇಲ್ ಸರ್ವರ್‌ಗಳನ್ನು ಉಸಿರುಗಟ್ಟಿಸಿದ ಮೆಲಿಸ್ಸಾ ಬಂದದ್ದು ವರ್ಡ್ ದಾಖಲೆಯಾಗಿಯೇ. ‘ಮುಖ್ಯ ಸಂದೇಶ’ ಎಂಬ ವಿಷಯ, ಗೊತ್ತಿದ್ದವರ ಹೆಸರು, ಒಳಗೊಂದು ಡಾಟ್ ಡಾಕ್. ತೆರೆದರೆ ಅದರೊಳಗಿನ ಮ್ಯಾಕ್ರೋ, ಅಂದರೆ ದಾಖಲೆಯೊಳಗೇ ಅಡಗಿದ ಪುಟ್ಟ ಪ್ರೋಗ್ರಾಮ್, ಔಟ್‌ಲುಕ್‌ನ ವಿಳಾಸಪಟ್ಟಿಯಲ್ಲಿರುವ ಮೊದಲ 50 ಮಂದಿಗೆ ತನ್ನನ್ನೇ ಕಳಿಸಿಕೊಳ್ಳುತ್ತಿತ್ತು. ಬರೆದ ಡೇವಿಡ್ ಸ್ಮಿತ್ ನ್ಯೂಜೆರ್ಸಿಯಲ್ಲಿ ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದ. 2002ರ ಮೇ ತಿಂಗಳಲ್ಲಿ 20 ತಿಂಗಳ ಸೆರೆವಾಸದ ಶಿಕ್ಷೆಯೂ ಆಯಿತು. ಇಷ್ಟೆಲ್ಲ ಗೊತ್ತಿದ್ದೂ ತಡೆಪಟ್ಟಿಯಲ್ಲಿ ವರ್ಡ್ ದಾಖಲೆ ಇಲ್ಲವೆಂದರೆ ಅದು ಮರೆವಲ್ಲ. ಹಾಗಾದರೆ ಏನು? ಉತ್ತರಕ್ಕಾಗಿ ಇನ್ನೂ ಹಿಂದಕ್ಕೆ ಹೋಗಬೇಕಾಯಿತು.

ಇ-ಮೇಲ್‌ಗೆ ಫೈಲು ಅಂಟಿಸುವ ಇಂದಿನ ವಿಧಾನಕ್ಕೆ ಜನ್ಮಪತ್ರಿಕೆ ಇದೆ. 1992ರ ಜೂನ್‌ನ ಆರ್‌ಎಫ್‌ಸಿ 1341. ಇಂಟರ್ನೆಟ್ಟಿನ ನಿಯಮಗಳನ್ನು ಚರ್ಚಿಸಿ ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಎಂದು ಹೆಸರು. ಇದನ್ನು ಬರೆದವರು ಬೆಲ್‌ಕೋರ್ ಸಂಸ್ಥೆಯ ನಥೇನಿಯಲ್ ಬೋರೆನ್‌ಸ್ಟೈನ್ ಮತ್ತು ಇನ್ನೊಸಾಫ್ಟ್‌ನ ನೆಡ್ ಫ್ರೀಡ್. ಅದೇ ವರ್ಷ ಮಾರ್ಚ್ 11ರಂದು ಬೋರೆನ್‌ಸ್ಟೈನ್ ಈ ಹೊಸ ಪದ್ಧತಿಯ, ಅಂದರೆ ‘ಮೈಮ್’ನ, ಮೊದಲ ಅಟ್ಯಾಚ್‌ಮೆಂಟ್ ಕಳಿಸಿದರು. ತಾನೂ ಸಹೋದ್ಯೋಗಿಗಳೂ ಸೇರಿ ಕಟ್ಟಿಕೊಂಡಿದ್ದ ನಾಲ್ವರ ಹಾಡುಗಾರಿಕೆಯ ತಂಡದ ಚಿತ್ರ ಮತ್ತು ಧ್ವನಿ ಅದರಲ್ಲಿದ್ದವು. ಮುಗ್ಧ ಆರಂಭ.

ಆರ್‌ಎಫ್‌ಸಿಯ ಪಠ್ಯ ಮಾತ್ರ ಅಷ್ಟು ಮುಗ್ಧವಲ್ಲ. ಇಂಥ ಒಣ ದಾಖಲೆಯನ್ನು ಯಾರೂ ಪೂರ್ತಿ ಓದುವುದಿಲ್ಲ. ಓದಿದರೆ ಅಲ್ಲಲ್ಲಿ ನಿಂತು ಮತ್ತೊಮ್ಮೆ ಓದಬೇಕಾಗುತ್ತದೆ. ಏನೆಂದು ಗೊತ್ತಿಲ್ಲದ ದತ್ತಾಂಶ ಬಂದರೆ ಮೇಲ್ ತಂತ್ರಾಂಶ ಏನು ಮಾಡಬೇಕು? ಅದನ್ನೊಂದು ಫೈಲಿಗೆ ಹಾಕಿಡಲೇ ಎಂದು ಕೇಳಬೇಕು, ಅಷ್ಟೆ. ಸಂದೇಶದೊಳಗೆ ಬರೆದಿರುವ ಹೆಸರಿನ ಪ್ರೋಗ್ರಾಮನ್ನು ತಾನಾಗಿ ಹುಡುಕಿ ಅದರಿಂದ ಫೈಲನ್ನು ನಡೆಸುವ ಏರ್ಪಾಟು ಬೇಡವೇ ಬೇಡ ಎಂದು ಲೇಖಕರು ಬಲವಾಗಿ ಹೇಳಿದ್ದಾರೆ. ಕಾರಣವನ್ನೂ ಕೊಟ್ಟಿದ್ದಾರೆ: ಮೇಲ್ ಮೂಲಕ ದುಷ್ಟ ಪ್ರೋಗ್ರಾಮುಗಳು ಹರಡುವ ಅಪಾಯ ತಗ್ಗಿಸಲು. ಮುದ್ರಣಕ್ಕೆಂದು ಇರುವ ಪೋಸ್ಟ್‌ಸ್ಕ್ರಿಪ್ಟ್ ಕಡತದೊಳಗೂ ಫೈಲು ಅಳಿಸುವ, ಹೆಸರು ಬದಲಿಸುವ ಆಜ್ಞೆಗಳು ಅಡಗಿರಬಹುದೆಂದು ಆ ಆಜ್ಞೆಗಳ ಹೆಸರು ಹಿಡಿದು ಎಚ್ಚರಿಸಿದ್ದಾರೆ. 1997ರ ಆಗಸ್ಟ್‌ನ ಆರ್‌ಎಫ್‌ಸಿ 2183ರಲ್ಲಿ ಇನ್ನೊಂದು ಹೆಜ್ಜೆ: ಕಳಿಸಿದವರು ಇಟ್ಟ ಫೈಲಿನ ಹೆಸರನ್ನು ಕಣ್ಣುಮುಚ್ಚಿ ನಂಬಬೇಡಿ.

ಈ ಎಚ್ಚರ ಎಲ್ಲಿಂದ ಬಂತು? ಅನುಭವದಿಂದಲೇ ಇರಬೇಕು ಎನ್ನಿಸುತ್ತದೆ. 1987ರ ಡಿಸೆಂಬರ್‌ನಲ್ಲಿ ಪಶ್ಚಿಮ ಜರ್ಮನಿಯ ಕ್ಲೌಸ್ಥಾಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಐಬಿಎಂ ಮೇನ್‌ಫ್ರೇಮುಗಳಿಗಾಗಿ ರೆಕ್ಸ್ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಬರೆದಿದ್ದ. ನಡೆಸಿದರೆ ಪರದೆಯ ಮೇಲೆ ಕ್ರಿಸ್ಮಸ್ ಮರ ಮೂಡುತ್ತಿತ್ತು. ಅದು ಮೂಡುವಷ್ಟರಲ್ಲಿ ಬಳಕೆದಾರರ ವಿಳಾಸಗಳ ಕಡತ ಓದಿ ಅಲ್ಲಿದ್ದವರಿಗೆಲ್ಲ ತನ್ನ ಪ್ರತಿಯನ್ನು ಕಳಿಸಿಬಿಡುತ್ತಿತ್ತು. ವಿಶ್ವವಿದ್ಯಾಲಯಗಳ ಜಾಲದಿಂದ ಐಬಿಎಂನ ಒಳಜಾಲಕ್ಕೆ ನುಗ್ಗಿ ಅದನ್ನು ಸ್ತಬ್ಧಗೊಳಿಸಿತು. ಗೊತ್ತಿದ್ದವರಿಂದ ಬಂದ ಫೈಲು, ತೆರೆಯಲು ಆಮಿಷ, ವಿಳಾಸಪಟ್ಟಿಯ ಲೂಟಿ: ಮುಂದಿನ ಕಾಲು ಶತಮಾನದ ಅಟ್ಯಾಚ್‌ಮೆಂಟ್ ವೈರಸ್‌ಗಳ ಇಡೀ ವಿದ್ಯೆ ಅದರಲ್ಲೇ ಇತ್ತು. ಅಂದರೆ 1992ರ ಹೊತ್ತಿಗೆ ಅಪಾಯವೂ ತಿಳಿದಿತ್ತು, ಅದನ್ನು ತಪ್ಪಿಸುವ ದಾರಿಯನ್ನೂ ಬರೆದಿಟ್ಟಾಗಿತ್ತು. ಮೇಲ್ ತಂತ್ರಾಂಶ ಬರೆದವರು ಆ ಸಾಲುಗಳನ್ನು ಪಕ್ಕಕ್ಕೆ ಸರಿಸಿದರು. ಒತ್ತಿದೊಡನೆ ತೆರೆದುಕೊಳ್ಳುವ ಸೊಗಸು ಮಾರುಕಟ್ಟೆಯಲ್ಲಿ ಗೆಲ್ಲುತ್ತಿತ್ತು.

ನಡುವೆ ಒಂದು ತಮಾಷೆಯ ಕಡತವೂ ಸಿಕ್ಕಿತು. 1994ರ ಕೊನೆಯಲ್ಲಿ ‘ಗುಡ್ ಟೈಮ್ಸ್’ ಎಂಬ ವಿಷಯದ ಮೇಲ್ ತೆರೆದರೆ ಹಾರ್ಡ್ ಡಿಸ್ಕ್ ನಾಶವಾಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಅದು ಶುದ್ಧ ಗಾಳಿಸುದ್ದಿ ಎಂದು ಅಮೆರಿಕದ ಇಂಧನ ಇಲಾಖೆಯ ಕಂಪ್ಯೂಟರ್ ಸುರಕ್ಷತಾ ತಂಡವೇ ಸ್ಪಷ್ಟೀಕರಣ ಕೊಟ್ಟಿತು. ಬರಿಯ ಮೇಲ್ ಓದಿದರೆ ವೈರಸ್ ಹತ್ತುವುದಿಲ್ಲ ಎಂದು ತಿಳಿದವರು ಆಗ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು. ಐದೇ ವರ್ಷದಲ್ಲಿ, 1999ರ ನವೆಂಬರ್‌ನಲ್ಲಿ, ಅಟ್ಯಾಚ್‌ಮೆಂಟೇ ಇಲ್ಲದೆ ಮೇಲ್ ತೆರೆದಾಗಲೇ ತಗಲುವ ‘ಬಬಲ್‌ಬಾಯ್’ ಹುಟ್ಟಿತು. ಅದರ ಬೆನ್ನಿಗೇ ಬಂದ ‘ಕ್ಯಾಕ್’ ನಿಜಕ್ಕೂ ಹರಡಿತು. ಗಾಳಿಸುದ್ದಿಯನ್ನು ನಿಜ ಮಾಡಿ ತೋರಿಸಿದ್ದು ತಂತ್ರಾಂಶ ಕಂಪನಿಗಳ ಉತ್ಸಾಹ.

ಇನ್ನು 2000ದ ಮೇ 4. ಈ ದಿನದ ದಾಖಲೆಗಳ ರಾಶಿ ದೊಡ್ಡದು, ನಾನು ಹೆಚ್ಚು ಹೊತ್ತು ಕಳೆದದ್ದೂ ಇಲ್ಲೇ. ಮನಿಲಾದಲ್ಲಿ ಹೊರಟ ಮೇಲ್ ಒಂದು ಪ್ರೇಮಪತ್ರದ ವೇಷದಲ್ಲಿ ಸೂರ್ಯನ ಹಿಂದೆಯೇ ಪಶ್ಚಿಮಕ್ಕೆ ಸಾಗಿತು. ಏಷ್ಯಾದ ಕಚೇರಿಗಳು ಮೊದಲು, ಆಮೇಲೆ ಯೂರೋಪು, ಆಮೇಲೆ ಅಮೆರಿಕ, ಹೀಗೆ ಬೆಳಗಾದಂತೆಲ್ಲ ಒಂದೊಂದೇ ಖಂಡ ಕುಸಿಯಿತು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ತನ್ನ ಮೇಲ್ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಸಿಇಆರ್‌ಟಿ ಕೇಂದ್ರದ ಸಿಎ-2000-04 ಸಂಖ್ಯೆಯ ಪ್ರಕಟಣೆಯಲ್ಲಿ ಮೇ 8ರ ಸಂಜೆಯ ಲೆಕ್ಕ ಇದೆ: 650ಕ್ಕೂ ಹೆಚ್ಚು ತಾಣಗಳಿಂದ ದೂರು, 5 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಬಾಧೆ. ಇದು ಅವರಿಗೆ ವರದಿಯಾದದ್ದು ಮಾತ್ರ.

ಫೈಲಿನ ಹೆಸರೇ ಆ ವೈರಸ್ಸಿನ ಮುಖ್ಯ ಆಯುಧ. ‘ಲವ್-ಲೆಟರ್-ಫಾರ್-ಯು’ ಆದ ಮೇಲೆ ಡಾಟ್ ಟಿಎಕ್ಸ್‌ಟಿ, ಅದಾದ ಮೇಲೆ ಡಾಟ್ ವಿಬಿಎಸ್. ಪರಿಚಿತ ಎಕ್ಸ್‌ಟೆನ್ಷನ್‌ಗಳನ್ನು ಮರೆಮಾಡುವುದು ವಿಂಡೋಸ್‌ನ ಅಭ್ಯಾಸ. ಹಾಗಾಗಿ ಕೊನೆಯ ವಿಬಿಎಸ್ ಮಾಯವಾಗಿ, ಪಠ್ಯದ ಫೈಲು ಎಂಬಂತೆ ಕಾಣುತ್ತಿತ್ತು. ಒತ್ತಿದವರು ತೆರೆದದ್ದು ಪತ್ರವನ್ನಲ್ಲ, ವಿಷುಯಲ್ ಬೇಸಿಕ್ ಸ್ಕ್ರಿಪ್ಟನ್ನು. ಅದು ವಿಳಾಸಪಟ್ಟಿಯ ಪ್ರತಿಯೊಬ್ಬರಿಗೂ ತನ್ನನ್ನು ಕಳಿಸಿತು. ಮೆಲಿಸ್ಸಾದಂತೆ 50 ಜನರಿಗೆ ನಿಲ್ಲಲಿಲ್ಲ. ಡಿಸ್ಕಿನಲ್ಲಿದ್ದ ಜೆಪೆಗ್ ಚಿತ್ರಗಳ ಮೇಲೆ ತನ್ನನ್ನೇ ಬರೆದುಕೊಂಡಿತು, ಎಂಪಿ3 ಹಾಡುಗಳನ್ನು ಬಚ್ಚಿಟ್ಟಿತು. ಸ್ಕ್ರಿಪ್ಟ್ ಆದ್ದರಿಂದ ಅದರ ಮೂಲ ಪಠ್ಯ ಯಾರೂ ಓದುವಂತಿತ್ತು. ಅದರ ತಲೆಯ ಮೇಲಿನ ಟಿಪ್ಪಣಿಯಲ್ಲಿ ಮನಿಲಾ ಎಂಬ ಊರಿನ ಹೆಸರು, ಜೊತೆಗೆ ಶಾಲೆಗೆ ಹೋಗುವುದೆಂದರೆ ನನಗಾಗದು ಎಂಬ ಅರ್ಥದ ಒಂದು ಗೊಣಗಾಟ. ಪೊಲೀಸರಿಗೆ ಸುಳಿವು, ಓದುವವನಿಗೆ ಒಬ್ಬ ಹುಡುಗನ ಮುಖ.

ಆ ಹುಡುಗ ಓನೆಲ್ ಡಿ ಗುಜ್ಮಾನ್, ಮನಿಲಾದ ಎಎಂಎ ಕಂಪ್ಯೂಟರ್ ಕಾಲೇಜಿನ ವಿದ್ಯಾರ್ಥಿ. ಬೇರೆಯವರ ಇಂಟರ್ನೆಟ್ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮನ್ನೇ ಪದವಿ ಪ್ರಬಂಧದ ವಿಷಯವಾಗಿ ಒಪ್ಪಿಸಿದ್ದ. ಇದು ಕಾನೂನುಬಾಹಿರ ಎಂದು ಕಾಲೇಜು ತಿರಸ್ಕರಿಸಿತ್ತು. ಕಾನೂನು ಹಾಗೆ ಹೇಳುತ್ತಿರಲಿಲ್ಲ ಎಂಬುದೇ ಮುಂದಿನ ಪೇಚು. ಫಿಲಿಪ್ಪೀನ್ಸ್‌ನಲ್ಲಿ ವೈರಸ್ ಹರಡುವುದನ್ನು ಅಪರಾಧವೆನ್ನುವ ಕಾಯ್ದೆಯೇ ಇರಲಿಲ್ಲ. ಮೊಕದ್ದಮೆ ಆಗಸ್ಟ್‌ನಲ್ಲಿ ಬಿದ್ದುಹೋಯಿತು. 2019ರಲ್ಲಿ ಬ್ರಿಟಿಷ್ ಪತ್ರಕರ್ತ ಜೆಫ್ ವೈಟ್ ಮನಿಲಾದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಅವನನ್ನು ಪತ್ತೆಹಚ್ಚಿದಾಗ, ಬರೆದದ್ದು ತಾನೇ ಎಂದು ಒಪ್ಪಿಕೊಂಡ. ಇಂಟರ್ನೆಟ್ಟಿಗೆ ದುಡ್ಡು ಕೊಡಲಾಗದೆ ಪಾಸ್‌ವರ್ಡ್ ಕದಿಯಲು ಬರೆದೆ ಎಂದ.

ಅಮೆರಿಕದ ಸರ್ಕಾರಿ ಕಚೇರಿಗಳ ಪಾಡು ತಿಳಿಯಬೇಕೆಂದರೆ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಮೇ 18ರಂದು ಸೆನೆಟ್ ಉಪಸಮಿತಿಯ ಮುಂದೆ ಇಟ್ಟ ಹೇಳಿಕೆ ಓದಬೇಕು. ಇಂಥ ದಾಳಿಗಳ ಬಗ್ಗೆ ಎಚ್ಚರಿಸಲೆಂದೇ ಇದ್ದ ರಾಷ್ಟ್ರೀಯ ಕೇಂದ್ರಕ್ಕೆ ಬೆಳಗಿನ 5.45ಕ್ಕೇ ಸುದ್ದಿ ಮುಟ್ಟಿತ್ತು. ಅದು ತನ್ನ ವೆಬ್ ಪುಟದಲ್ಲಿ ಎಚ್ಚರಿಕೆ ಹಾಕಿದ್ದು 11 ಗಂಟೆಗೆ. ಅಷ್ಟರಲ್ಲಿ ಎಷ್ಟೋ ಇಲಾಖೆಗಳು ಪ್ರೇಮಪತ್ರ ತೆರೆದಾಗಿತ್ತು. ಜನರಿಗೆ ಎಚ್ಚರಿಕೆ ಕೊಟ್ಟು ಕಾಪಾಡುತ್ತೇವೆ ಎಂಬ ನಂಬಿಕೆ ಸತ್ತದ್ದು ಆ ಐದು ತಾಸುಗಳಲ್ಲಿ ಎಂದೇ ನನ್ನ ಎಣಿಕೆ. ಫೈಲು ತೆರೆಯುವ ಮುನ್ನ ‘ವೈರಸ್ ಇರಬಹುದು, ತೆರೆಯಲೇ?’ ಎಂದು ಕೇಳುವ ಪೆಟ್ಟಿಗೆ ಔಟ್‌ಲುಕ್‌ನಲ್ಲಿ ಮೊದಲೇ ಇತ್ತು. ಜನ ‘ಹೌದು’ ಒತ್ತುತ್ತಿದ್ದರು. ಕೇಳುವುದನ್ನು ಬಿಟ್ಟು ತಡೆಯುವುದೇ ಸರಿ ಎಂಬಲ್ಲಿಗೆ ಮಾತು ಬಂದು ನಿಂತಿತು.

ಹಾಗೆ ಬಂದದ್ದು ಆ ಜೂನ್‌ನ ಪಟ್ಟಿ. ಮೇ ತಿಂಗಳ ನಡುವಿನಲ್ಲಿ ಘೋಷಣೆ, ಜೂನ್ ಆರಂಭದಲ್ಲಿ ಬಿಡುಗಡೆ. ಪಟ್ಟಿಯ ಜೊತೆಗೆ ಇನ್ನೊಂದು ಕಾವಲೂ ಇತ್ತು: ಹೊರಗಿನ ಯಾವ ಪ್ರೋಗ್ರಾಮಾದರೂ ವಿಳಾಸಪಟ್ಟಿಗೆ ಕೈಹಾಕಿದರೆ, ಬಳಕೆದಾರರ ಹೆಸರಿನಲ್ಲಿ ಮೇಲ್ ಕಳಿಸಹೊರಟರೆ, ಔಟ್‌ಲುಕ್ ತಡೆದು ಅನುಮತಿ ಕೇಳುತ್ತಿತ್ತು. ಅದೇ ಹದಿನೈದು ದಿನಗಳಲ್ಲಿ ಎರಡು ದೇಶಗಳ ಶಾಸನಗಳೂ ಮೂಡಿದ್ದನ್ನು ನೋಡಿ ನನಗೆ ಅಚ್ಚರಿಯಾಯಿತು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ರಾಷ್ಟ್ರಪತಿಯವರ ಅಂಕಿತ ಬಿದ್ದದ್ದು ಜೂನ್ 9ರಂದು. ಫಿಲಿಪ್ಪೀನ್ಸ್‌ನ ಇ-ವಾಣಿಜ್ಯ ಕಾಯ್ದೆಗೆ ಅಲ್ಲಿನ ಅಧ್ಯಕ್ಷರು ಸಹಿ ಹಾಕಿದ್ದು ಜೂನ್ 14ರಂದು. ನಮ್ಮ ಕಾಯ್ದೆ ಮನಿಲಾದ ಹುಡುಗನಿಗಾಗಿ ಬಂದದ್ದಲ್ಲ, ಅದರ ತಯಾರಿ ಮೊದಲೇ ನಡೆದಿತ್ತು. ಆದರೂ ಅದರ 43ನೇ ಸೆಕ್ಷನ್ನಿನಲ್ಲಿ ಕಂಪ್ಯೂಟರ್ ವೈರಸ್ ಸೇರಿಸುವುದರ ಉಲ್ಲೇಖ ಸ್ಪಷ್ಟವಾಗಿದೆ, 1 ಕೋಟಿ ರೂಪಾಯಿವರೆಗೆ ಪರಿಹಾರ ಎಂದು ಮೂಲ ಪಠ್ಯದಲ್ಲಿತ್ತು. ಅದೇ ಅಕ್ಟೋಬರ್ 17ರಂದು ಜಾರಿಗೂ ಬಂತು.

ಮತ್ತೆ ಪಟ್ಟಿಗೆ. ಅದು ಬಂದ ಕೆಲವೇ ದಿನಗಳಲ್ಲಿ ಪರೀಕ್ಷೆಗೂ ಒಳಗಾಯಿತು. ಜೂನ್ ಮುಗಿಯುವ ಮೊದಲೇ ‘ಲೈಫ್ ಸ್ಟೇಜಸ್’ ಎಂಬ ಹುಳು ಬಂತು. ಡಾಟ್ ಟಿಎಕ್ಸ್‌ಟಿ ಎಂದು ತೋರಿಸಿಕೊಂಡು ಹಿಂದೆ ಡಾಟ್ ಎಸ್‌ಎಚ್‌ಎಸ್ ಅಡಗಿಸಿಕೊಂಡಿತ್ತು. ಈ ಎಸ್‌ಎಚ್‌ಎಸ್ ವಿಚಿತ್ರ ಜೀವಿ. ಎಕ್ಸ್‌ಟೆನ್ಷನ್ ತೋರಿಸು ಎಂದು ವಿಂಡೋಸ್‌ಗೆ ಹೇಳಿದರೂ ಇದು ಮಾತ್ರ ಕಾಣುತ್ತಿರಲಿಲ್ಲ. ಪಟ್ಟಿಯಲ್ಲಿ ಎಸ್‌ಎಚ್‌ಎಸ್ ಇತ್ತು. 2002ರ ಜನವರಿಯಲ್ಲಿ ಬಂದ ‘ಮೈಪಾರ್ಟಿ’ ಇನ್ನೂ ಚತುರ. ಅಟ್ಯಾಚ್‌ಮೆಂಟಿನ ಹೆಸರು ನೋಡಲು ಯಾಹೂವಿನ ಒಂದು ವೆಬ್ ವಿಳಾಸ, ಕೊನೆಯಲ್ಲಿ ಡಾಟ್ ಕಾಮ್. ಜಾಲತಾಣದ ವಿಳಾಸವೆಂದು ಒತ್ತಿದರೆ ನಡೆಯುತ್ತಿದ್ದುದು ಡಾಸ್ ಕಾಲದ ಡಾಟ್ ಕಾಮ್ ಪ್ರೋಗ್ರಾಮ್. ಅದೂ ಪಟ್ಟಿಯಲ್ಲಿತ್ತು. 2001ರ ಫೆಬ್ರವರಿಯಲ್ಲಿ ಟೆನಿಸ್ ಆಟಗಾರ್ತಿ ಅನ್ನಾ ಕೂರ್ನಿಕೋವಾಳ ಹೆಸರಲ್ಲಿ ನೆದರ್‌ಲ್ಯಾಂಡ್ಸ್‌ನ ಯುವಕನೊಬ್ಬ ಹರಿಬಿಟ್ಟ ಫೈಲಿನಲ್ಲೂ ಡಾಟ್ ಜೆಪಿಜಿ ಹಿಂದೆ ಡಾಟ್ ವಿಬಿಎಸ್, ಮನಿಲಾದ ಅದೇ ಉಪಾಯ. ಅಪ್‌ಡೇಟ್ ಹಾಕಿಕೊಂಡವರ ಬಳಿ ಇವು ಯಾವುವೂ ನಡೆಯಲಿಲ್ಲ. ಆದ್ದರಿಂದ ಪಟ್ಟಿ ಕೆಲಸಕ್ಕೆ ಬಾರದ್ದು ಎಂದು ಹೇಳುವವರ ಜೊತೆ ನಾನಿಲ್ಲ.

ಹಾಕಿಕೊಂಡವರು ಕಡಿಮೆ, ಅದು ಬೇರೆ ಮಾತು. ಮೊದಲ ಅಪ್‌ಡೇಟ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ಪಟ್ಟಿ ತಿದ್ದುವ ಹಕ್ಕಿರಲಿಲ್ಲ. ಆಕ್ಸೆಸ್ ಡೇಟಾಬೇಸನ್ನು ಮೇಲ್‌ನಲ್ಲೇ ವಿನಿಮಯ ಮಾಡುತ್ತಿದ್ದ ಸಣ್ಣ ಕಚೇರಿಗಳ ಕೈ ಕಟ್ಟಿತು. ಅಂಗೈ ಕಂಪ್ಯೂಟರ್‌ಗೆ ವಿಳಾಸ ಹೊಂದಿಸುವ ತಂತ್ರಾಂಶಗಳು ಹೆಜ್ಜೆಹೆಜ್ಜೆಗೂ ಅನುಮತಿ ಕೇಳತೊಡಗಿದವು. ಆ ಅನುಮತಿ ಪೆಟ್ಟಿಗೆಯ ಮೇಲೆ ಬಳಕೆದಾರರ ಪರವಾಗಿ ತಾನೇ ‘ಹೌದು’ ಒತ್ತುವ ಪುಟ್ಟ ಪ್ರೋಗ್ರಾಮೂ ಮಾರಾಟಕ್ಕೆ ಬಂತು! ಮನೆಗಳಲ್ಲಿ ಬಳಸುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಕಥೆ ಇನ್ನೂ ಕೆಟ್ಟದ್ದು. 2001ರ ಆರನೇ ಆವೃತ್ತಿಯಲ್ಲಿ ತಡೆಯುವ ಆಯ್ಕೆ ಬಂತು, ಆದರೆ ಟಿಕ್ ಇಲ್ಲದೆ. 2002ರಲ್ಲಿ ಟಿಕ್ ಹಾಕಿಯೇ ಕೊಟ್ಟರು. ಅದು ಪಿಡಿಎಫ್, ವರ್ಡ್ ದಾಖಲೆಗಳನ್ನೂ ತಡೆಹಿಡಿಯಿತು. ಮಗಳ ಬಯೋಡೇಟಾ ತೆರೆಯಲಾಗದ ಅಪ್ಪ ಏನು ಮಾಡಿಯಾನು? ಟಿಕ್ ತೆಗೆದ. ಹಾಗೆ ತೆಗೆದಾಗ ಡಾಟ್ ಇಎಕ್ಸ್‌ಇಗೂ ದಾರಿಯಾಯಿತು.

ಡಾಟ್ ಡಾಕ್ ಏಕಿಲ್ಲ ಎಂಬ ನನ್ನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಪಟ್ಟಿ ಅಳೆದದ್ದು ಅಪಾಯವನ್ನಲ್ಲ, ಕಚೇರಿ ಯಾವುದಿಲ್ಲದೆ ಬದುಕಬಲ್ಲದು ಎಂಬುದನ್ನು. ಪ್ರಮಾಣಪತ್ರದ ಸಿಆರ್‌ಟಿ ಇಲ್ಲದೆ ಸೋಮವಾರದ ಕೆಲಸ ನಡೆಯುತ್ತದೆ. ವರ್ಡ್ ಇಲ್ಲದೆ, ಎಕ್ಸೆಲ್ ಇಲ್ಲದೆ ನಡೆಯುವುದಿಲ್ಲ. ಬೇಕಾದ್ದನ್ನು ತಡೆದರೆ ಇಡೀ ತಡೆಯೇ ಕಿತ್ತುಹೋಗುತ್ತದೆ ಎಂಬುದನ್ನು ಔಟ್‌ಲುಕ್ ಎಕ್ಸ್‌ಪ್ರೆಸ್ ತೋರಿಸಿಕೊಟ್ಟಿತು.

ಸರ್ವರ್ ನೋಡಿಕೊಳ್ಳುವವರು ತಮ್ಮದೇ ಪಟ್ಟಿಗಳನ್ನು ಇಟ್ಟುಕೊಂಡಿದ್ದರು. ಅವುಗಳಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ಜೂಲಿಯನ್ ಫೀಲ್ಡ್ ಬರೆದ ‘ಮೇಲ್‌ಸ್ಕ್ಯಾನರ್’ನ ನಿಯಮಗಳ ಕಡತ ನನಗೆ ಬಹಳ ಪ್ರಿಯವಾಯಿತು. ಅಲ್ಲಿ ಪ್ರತಿ ನಿಯಮದ ಪಕ್ಕದಲ್ಲಿ ಕಾರಣವನ್ನೂ ಬರೆಯಬೇಕು. ‘ಹ್ಯಾಪಿ 99’ ಎಂಬ ಹೆಸರಿನ ಫೈಲು ಬೇಡ, ಅದೊಂದು ವೈರಸ್. ‘ಪ್ರೆಟಿ ಪಾರ್ಕ್’ ಬೇಡ, ಅದೂ ವೈರಸ್. ಎರಡೂ 1999ರ ಕಾಟಗಳು, ಅವು ಸತ್ತು ವರ್ಷಗಳಾದರೂ ನಿಯಮ ಅಳಿಸಿರಲಿಲ್ಲ. ಹೆಸರಿನ ನಡುವೆ ಸಾಲುಸಾಲು ಖಾಲಿ ಜಾಗ ಬಿಟ್ಟು ನಿಜವಾದ ಎಕ್ಸ್‌ಟೆನ್ಷನ್ನನ್ನು ಪರದೆಯಾಚೆ ತಳ್ಳುವ ಫೈಲು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಎರಡೆರಡು ಎಕ್ಸ್‌ಟೆನ್ಷನ್ ಹೊತ್ತು ಬರುವ ಫೈಲು ಬೇಡ, ಅದು ತನ್ನ ನಿಜರೂಪ ಮುಚ್ಚಿಡುತ್ತಿದೆ. ಆ ಒಂದು ಸಾಲು ಮನಿಲಾದ ಪ್ರೇಮಪತ್ರವನ್ನೂ ಕೂರ್ನಿಕೋವಾಳ ಚಿತ್ರವನ್ನೂ ಲೈಫ್ ಸ್ಟೇಜಸ್ಸನ್ನೂ ಒಟ್ಟಿಗೆ ಹಿಡಿಯುತ್ತದೆ. ಎಕ್ಸ್‌ಟೆನ್ಷನ್‌ಗಳ ಪಟ್ಟಿ ಬೆಳೆಸುವುದಕ್ಕಿಂತ ಮೋಸದ ಲಕ್ಷಣ ಗುರುತಿಸುವುದು ಹೆಚ್ಚು ಬುದ್ಧಿವಂತಿಕೆಯ ಕೆಲಸ ಎಂದು ನನಗನ್ನಿಸುತ್ತದೆ.

ದಾಳಿಕೋರರೂ ಆ ಜೂನ್‌ನ ಪಟ್ಟಿಯನ್ನು ಓದಿದ್ದರು, ಅದರಲ್ಲಿ ಏನಿಲ್ಲ ಎಂದು ತಿಳಿಯಲು. 2004ರ ಜನವರಿ ಕೊನೆಯಲ್ಲಿ ‘ಮೈಡೂಮ್’ ಜಿಪ್ ಆಗಿಯೂ ಬಂತು. ಬೆನ್ನಿಗೇ ‘ಬೇಗಲ್’ ಪಾಸ್‌ವರ್ಡ್ ಹಾಕಿದ ಜಿಪ್ ಕಳಿಸತೊಡಗಿತು, ಪಾಸ್‌ವರ್ಡ್ ಮೇಲ್‌ನಲ್ಲೇ ಬರೆದಿರುತ್ತಿತ್ತು. ಒಳಗೆ ಏನಿದೆ ಎಂದು ಆಂಟಿವೈರಸ್‌ಗೆ ನೋಡಲಾಗದು, ಓದುವವರಿಗೆ ಮಾತ್ರ ತೆರೆಯಲು ಬರುತ್ತದೆ. ಆಂಟಿವೈರಸ್ ಕಂಪನಿಗಳು ಪಠ್ಯದಿಂದ ಪಾಸ್‌ವರ್ಡ್ ಹೆಕ್ಕತೊಡಗಿದಾಗ ಬೇಗಲ್ ಅದನ್ನು ಚಿತ್ರವಾಗಿ ಕಳಿಸಿತು. ಜನ ಚಿತ್ರ ನೋಡಿ, ಅಂಕಿ ಟೈಪಿಸಿ, ಜಿಪ್ ಬಿಚ್ಚಿ, ವೈರಸ್ ನಡೆಸಿದರು. ಇಷ್ಟು ಶ್ರಮಪಟ್ಟು ಹಾಳಾಗುವವರೂ ಇರುತ್ತಾರೆಂದು ಯಾವ ಆರ್‌ಎಫ್‌ಸಿ ಲೇಖಕನೂ ಊಹಿಸಿರಲಾರ.

ವರ್ಡ್ ದಾಖಲೆಯ ಕಿಂಡಿ ಇನ್ನೂ ದೀರ್ಘಕಾಲ ತೆರೆದಿತ್ತು. 2016ರ ಫೆಬ್ರವರಿಯಲ್ಲಿ ‘ಲಾಕಿ’ ಎಂಬ ಒತ್ತೆಹಣದ ವೈರಸ್ ಇನ್‌ವಾಯ್ಸ್‌ನ ವೇಷದ ವರ್ಡ್ ಕಡತದ ಮ್ಯಾಕ್ರೋ ಮೂಲಕವೇ ಬಂತು. ‘ಎಮೋಟೆಟ್’ ವರ್ಷಗಟ್ಟಲೆ ಅದೇ ದಾರಿ ಹಿಡಿದಿತ್ತು. ಇಂಟರ್ನೆಟ್ಟಿನಿಂದ ಬಂದ ಆಫೀಸ್ ಕಡತಗಳಲ್ಲಿ ಮ್ಯಾಕ್ರೋವನ್ನು ತಾನಾಗಿ ತಡೆಯುವುದಾಗಿ ಮೈಕ್ರೋಸಾಫ್ಟ್ ಘೋಷಿಸಿದ್ದು 2022ರ ಫೆಬ್ರವರಿಯಲ್ಲಿ. ನಡುವೆ ಗ್ರಾಹಕರ ಅಸಮಾಧಾನಕ್ಕೆ ಬೆದರಿ ಒಮ್ಮೆ ಹಿಂತೆಗೆದು, ಜುಲೈ ಕೊನೆಯಲ್ಲಿ ಮತ್ತೆ ಜಾರಿಗೆ ತಂದಿತು. ಮೆಲಿಸ್ಸಾ ಬಂದು ಅಷ್ಟರಲ್ಲಿ 23 ವರ್ಷ! ಆ ಹೊತ್ತಿಗೆ ಕಚೇರಿಗಳು ಕಡತಗಳನ್ನು ಮೇಲ್‌ನಲ್ಲಿ ಕಳಿಸುವ ಬದಲು ಹಂಚಿಕೆಯ ಡ್ರೈವ್‌ಗಳಲ್ಲಿ ಇಡಲು ಕಲಿತಿದ್ದವು, ಮೇಲ್‌ನಲ್ಲಿ ಬಂದ ಮ್ಯಾಕ್ರೋ ಇಲ್ಲದೆಯೂ ಸೋಮವಾರದ ಕೆಲಸ ನಡೆಯುತ್ತಿತ್ತು. ಆಗ ತಡೆಯಬಹುದಾಯಿತು.

ಕಿಂಡಿ ಮುಚ್ಚಿದೊಡನೆ ದಾಳಿಕೋರರು ಡಿಸ್ಕಿನ ಪ್ರತಿರೂಪವಾದ ಐಎಸ್‌ಒ ಕಡತಗಳಿಗೆ ಹಾರಿದರು. ಆಮೇಲೆ ಒನ್‌ನೋಟ್ ಪುಟಗಳಿಗೆ. 2023ರ ಏಪ್ರಿಲ್‌ನಲ್ಲಿ ಒನ್‌ನೋಟ್‌ನಲ್ಲೂ ತಡೆ ಬಂತು. ಅದರ ವಿವರ ಓದಿದಾಗ ನನ್ನ ಹಳೆಯ ಕ್ಯೂ 262631 ಮತ್ತೆ ಎದುರಾಯಿತು: ಔಟ್‌ಲುಕ್ ತಡೆಯುವ 120 ಬಗೆಯ ಎಕ್ಸ್‌ಟೆನ್ಷನ್‌ಗಳನ್ನೇ ಇಲ್ಲೂ ತಡೆಯುತ್ತೇವೆ ಎಂದು ಬರೆದಿದ್ದರು. ಮೂವತ್ತರ ಚಿಲ್ಲರೆಯಿಂದ ಆರಂಭವಾದ ಪಟ್ಟಿ ಹಾಗೆ ಬೆಳೆದಿತ್ತು. ವೆಬ್‌ನಲ್ಲಿ ಓದುವ ಔಟ್‌ಲುಕ್‌ನದು 2019ರಲ್ಲೇ 38 ಸೇರಿ 142ಕ್ಕೆ ಮುಟ್ಟಿತ್ತು. ಜಿಮೇಲ್ ಜಿಪ್ಪಿನೊಳಗೂ ಇಣುಕಿ ಇಎಕ್ಸ್‌ಇ ಇದ್ದರೆ ತಿರಸ್ಕರಿಸುತ್ತದೆ. 2017ರ ಫೆಬ್ರವರಿ 13ರಿಂದ ಜಾವಾಸ್ಕ್ರಿಪ್ಟ್ ಕಡತವನ್ನೂ ಬಿಡುತ್ತಿಲ್ಲ.

ನಮ್ಮ ಕಡೆ ಈಗ ಮೇಲ್‌ಗಿಂತ ವಾಟ್ಸ್‌ಆ್ಯಪ್ ಹೆಚ್ಚು. ಮದುವೆ ಆಮಂತ್ರಣ, ಟ್ರಾಫಿಕ್ ಚಲನ್, ಬ್ಯಾಂಕಿನ ಕೆವೈಸಿ ಹೆಸರಿನಲ್ಲಿ ಡಾಟ್ ಎಪಿಕೆ ಫೈಲುಗಳು, ಅಂದರೆ ಆಂಡ್ರಾಯ್ಡ್ ಫೋನಿನ ಪ್ರೋಗ್ರಾಮುಗಳು, ಪರಿಚಿತರ ನಂಬರಿನಿಂದಲೇ ಬರುತ್ತಿವೆ. ಇನ್‌ಸ್ಟಾಲ್ ಮಾಡಿದರೆ ಒಟಿಪಿ ಕದ್ದು ಖಾತೆ ಬರಿದು ಮಾಡುತ್ತವೆ. ಆಮಂತ್ರಣ ಪತ್ರಿಕೆ ಎಂದೂ ಎಪಿಕೆ ಆಗಿರುವುದಿಲ್ಲ. ಅದು ಚಿತ್ರವಾಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ವಿಡಿಯೊ ಆಗಿರುತ್ತದೆ. ಕ್ಲೌಸ್ಥಾಲ್‌ನ ಕ್ರಿಸ್ಮಸ್ ಮರಕ್ಕೂ ಇದಕ್ಕೂ ಉಪಾಯದಲ್ಲಿ ವ್ಯತ್ಯಾಸವೇ ಇಲ್ಲ.

ಕೊನೆಗೆ ಒಂದು ಸಂಗತಿ ನನಗೆ ಜೀರ್ಣವಾಗಿಲ್ಲ. 2000ದಲ್ಲಿ ಪ್ರೇಮಪತ್ರಕ್ಕೆ ಮುಸುಕು ಒದಗಿಸಿದ ಆ ಅಭ್ಯಾಸ, ಎಕ್ಸ್‌ಟೆನ್ಷನ್ ಮರೆಮಾಡುವುದು, ವಿಂಡೋಸ್ 11ರಲ್ಲೂ ಹಾಗೇ ಇದೆ. ಇಷ್ಟು ಪಟ್ಟಿ, ಇಷ್ಟು ಕಾಯ್ದೆ, ಇಷ್ಟು ಅಪ್‌ಡೇಟ್‌ಗಳ ನಂತರವೂ ಹೊಸ ಕಂಪ್ಯೂಟರ್ ಕೊಂಡು ತಂದರೆ ಫೈಲಿನ ಪೂರ್ತಿ ಹೆಸರು ಅದು ನಿಮಗೆ ತೋರಿಸುವುದಿಲ್ಲ. ತೋರಿಸುವಂತೆ ಮಾಡಲು ಒಂದು ನಿಮಿಷ ಸಾಕು. ಫೈಲ್ ಎಕ್ಸ್‌ಪ್ಲೋರರ್ ತೆರೆಯಿರಿ, ಮೇಲಿನ ‘ವ್ಯೂ’ ಒತ್ತಿ, ಅದರೊಳಗೆ ‘ಶೋ’, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದಕ್ಕೆ ಟಿಕ್ ಹಾಕಿ. ಮನೆಯ ಹಿರಿಯರ ಕಂಪ್ಯೂಟರಿನಲ್ಲೂ ಇದನ್ನು ಮಾಡಿಕೊಡಿ.